ಸುಂಟರಗಾಳಿ ನೋಡೋಕೆ ಹೊರಡೋ ಮುಂಚೆ

ಏಪ್ರಿಲ್, ಮೇ ಅಂದ್ರೆ ಇಲ್ಲಿ ಸುಂಟರಗಾಳಿ ಕಾಲ. ಡಲ್ಲಾಸ್ ಕಡೆಯ ನಮ್ಮ ಹುಡುಗರು ಕೆಲವರು ಈ ಸಲ ರಜೆ ದಿನ ಕಾರು ಹತ್ತಿ ಒಕ್ಲಹೋಮಾ ಕಡೆ ಅದನ್ನ ಹುಡುಕಿಕೊಂಡು ಹೋಗ್ತೀವಿ ಅಂತಿದ್ದಾರೆ. ಬೇಡ ಅನ್ನೋಲ್ಲ ನಾವು. ಆದರೆ ಕ್ಯಾಮೆರಾ ಕೊಳ್ಳೋ ಮೊದಲು ರಾಷ್ಟ್ರೀಯ ಹವಾಮಾನ ಸೇವೆಯವರ ಸ್ಕೈವಾರ್ನ್ ತರಬೇತಿಗೆ ಹೋಗಿ. ಒಂದೆರಡು ಗಂಟೆ ಅಷ್ಟೇ, ದುಡ್ಡಿಲ್ಲ. ಮೋಡದ ಯಾವ ಭಾಗ ತಿರುಗ್ತಿದೆ, ಯಾವುದು ಬರೀ ಮಳೆ ಅನ್ನೋದು ಅಲ್ಲೇ ಗೊತ್ತಾಗೋದು.

ಹೊರಡೋ ದಿನ ಬೆಳಗ್ಗೆ ನಾರ್ಮನ್‌ನ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್‌ನವರ ನಕ್ಷೆ ನೋಡಿ. ಕಾರಲ್ಲಿ ಇಬ್ಬರಿರಲಿ, ಒಬ್ಬರು ಓಡಿಸೋಕೆ, ಇನ್ನೊಬ್ಬರು ರೇಡಾರ್ ನೋಡೋಕೆ. ಹಳ್ಳಿ ಕಡೆ ಸಿಗ್ನಲ್ ಹೋಗುತ್ತೆ, ಕಾಗದದ ನಕ್ಷೆಯೂ ಇರಲಿ. ಅಲ್ಲಿ ಈ ಬಿರುಗಾಳಿಗಳು ಹೆಚ್ಚಾಗಿ ಈಶಾನ್ಯಕ್ಕೆ ಸಾಗುತ್ತವೆ. ಅದಕ್ಕೇ ಅದರ ಆಗ್ನೇಯಕ್ಕೆ, ದೂರದಲ್ಲಿ, ತಪ್ಪಿಸಿಕೊಳ್ಳೋ ರಸ್ತೆ ನೋಡಿಟ್ಟುಕೊಂಡು ನಿಲ್ಲೋದು ರೂಢಿ.

ರೂಢಿ ಅಷ್ಟೇ, ಖಾತ್ರಿಯಲ್ಲ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಬಳಿ ಸುಂಟರಗಾಳಿ 4 ಕಿ.ಮೀ.ಗೂ ಹೆಚ್ಚು ಅಗಲಕ್ಕೆ ಬೆಳೆದು, ದಿಕ್ಕು ಬದಲಿಸಿ, ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರನ್ನೂ ಬಲಿ ತಗೊಂಡಿತು. ಸಮಾರಸ್ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದವರು, ಎಚ್ಚರಿಕೆಯ ಮನುಷ್ಯ ಅಂತಲೇ ಹೆಸರಾದವರು.

ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಹೊರಡೋದು ಮಾತ್ರ ಬೇಡ್ರಪ್ಪ. ಕತ್ತಲಾದ ಮೇಲೆ ಹಿಂಬಾಲಿಸೋದೂ ಬೇಡ. ತರಬೇತಿಗೆ ಹೋಗೋರು ನಮಗೊಂದು ಮಾತು ಹೇಳಿ, ಒಂದೇ ಕಾರಲ್ಲಿ ಹೋಗೋಣ.