ಕೌದಿಯ ಕೂಲಿ

ಹಳೆಯ ಬಟ್ಟೆಯನ್ನು ಎಸೆಯಬೇಡಿರಿ, ಮನೆಯಲ್ಲಿಯೇ ಅದಕ್ಕೆ ಹೊಸ ರೂಪ ಕೊಡಿರಿ ಎಂಬ ಉಪದೇಶವು ಈಗ ಉಳ್ಳವರ ಬಾಯಲ್ಲಿ ಕೇಳಿಬರುತ್ತಿದೆ. ಕಪಾಟು ತುಂಬಿಕೊಂಡವರಿಗೆ ಅದು ಹೇಳಬೇಕಾದ ಮಾತೇ. ಆದರೆ ಗಿರಣಿ ಕೆಲಸಗಾರನ ಮನೆಯಲ್ಲಿ ಅದನ್ನು ಯಾರು ಯಾರಿಗೆ ಹೇಳಬೇಕು? ಅಲ್ಲಿ ಅಪ್ಪನ ಪ್ಯಾಂಟು ಮಗನ ಚಡ್ಡಿಯಾಗುತ್ತದೆ. ಅವ್ವನ ಸೀರೆ ಮಗಳ ಲಂಗವಾಗಿ, ಕೂಸಿನ ತೊಟ್ಟಿಲಿಗೆ ಹಾಸಾಗಿ, ಕಡೆಗೆ ಕೌದಿಯ ಪದರಾಗುತ್ತದೆ. ಅದೂ ಹರಿದರೆ ನೆಲ ಒರೆಸುವ ಅರಿವೆ.

ಉಪದೇಶಿಸುವವರು ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ನನ್ನು ನೆನೆಯಬೇಕು. ಅಲ್ಲಿಯ ಸರಕಾರವು 1943ರಲ್ಲಿ ಹಳೆಯ ಉಡುಪನ್ನು ರಿಪೇರಿ ಮಾಡುವ ವಿಧಾನವನ್ನು ಪುಸ್ತಿಕೆ ಅಚ್ಚುಹಾಕಿ ಜನರಿಗೆ ಕಲಿಸಿತು. ಆದರೆ ಅದಕ್ಕೆ ಮೊದಲೇ, 1941ರ ಜೂನ್‌ನಿಂದ, ಬಟ್ಟೆಗೆ ಪಡಿತರವನ್ನು ಹೂಡಿ, ಪ್ರಭುವಿನ ಮನೆಯ ವಯಸ್ಕನಿಗೂ ಕೂಲಿಯವನಿಗೂ ಸಮನಾದ ಕೂಪನ್ನು ಕೊಟ್ಟಿತ್ತು. ಅದೇ 1943ರಲ್ಲಿ ನಮ್ಮಲ್ಲಿಯೂ ಬಟ್ಟೆಯ ಕಂಟ್ರೋಲು ಬಂತು. ಗಿರಣಿಯ ಮಾಲೀಕರು ಲಾಭ ಬಾಚಿಕೊಂಡರು. ಬಡವನಿಗೆ ಕಾಳಸಂತೆಯೇ ಗತಿಯಾಯಿತು. ತೇಪೆಯನ್ನು ಎಲ್ಲರೂ ಹಾಕುವುದಾದರೆ ಅದು ಮಿತವ್ಯಯ. ಒಬ್ಬನೇ ಹಾಕಬೇಕಾದರೆ ಅದರ ಹೆಸರು ಬಡತನ.

ಇನ್ನು ಕೌದಿಯ ಮಾತು. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆ ಧೋತರಗಳನ್ನು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಒತ್ತಾಗಿ ಹೊಲಿಗೆ ಹಾಕುತ್ತಾರೆ. ಗೋಂದಳಿ ಹೆಣ್ಣುಮಕ್ಕಳು ಊರೂರು ತಿರುಗಿ ಇದನ್ನೇ ಕಸಬು ಮಾಡಿಕೊಂಡವರು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಒಂದೊಂದಕ್ಕೂ ಹಲವು ದಿನಗಳ ದುಡಿಮೆ; ಕಣ್ಣು, ಬೆರಳು, ಬೆನ್ನು ಮೂರೂ ಸವೆಯುತ್ತವೆ. “ಅರಿವೆ ನಮ್ಮದು, ದಾರ ನಮ್ಮದು, ನಿನ್ನದೇನು?” ಎಂದು ಚೌಕಾಸಿ ಮಾಡುವವರು ನಮ್ಮ ಓಣಿಗಳಲ್ಲಿಯೂ ಇದ್ದಾರೆ. ಕೂಲಿ ಹೆಚ್ಚಿಸಿರೆಂದು ಗಿರಣಿಯ ಬಾಗಿಲಲ್ಲಿ ಕೂಗಿದ ಬಾಯಿಂದ ಈ ಮಾತು ಬರಬಾರದು.

ಚಿಂದಿಗೆ ಬೆಲೆಯಿಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ಪಾನಿಪತ್ತಿನ ಕಾರಖಾನೆಗಳು ಹೊರದೇಶದ ಹಳೆಯ ಉಡುಪನ್ನು ಹರಿದು, ಮತ್ತೆ ನೂಲು ತೆಗೆದು, ಕಂಬಳಿ ನೇಯುತ್ತವೆ. ನಾವು ಮಾತ್ರ ತೋಳುತುಂಬ ಸೀರೆ ಕೊಟ್ಟು ಒಂದು ಸ್ಟೀಲು ಡಬರಿ ತೆಗೆದುಕೊಳ್ಳುತ್ತೇವೆ. (ಪಾತ್ರೆ ಹೊತ್ತು ತರುವ ಆ ತಾಯಿಯೂ ಬಡವಳೇ, ತಪ್ಪು ಅವಳದಲ್ಲ.)

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಸವೆದ ಕಾಲರನ್ನು ಬಿಚ್ಚಿ ತಿರುವಿ ಹೊಲಿದರೆ ಅಂಗಿ ಇನ್ನಷ್ಟು ದಿನ ಬಾಳುತ್ತದೆ. ಇಂದಿನ ಅಗ್ಗದ ಸಿದ್ಧ ಉಡುಪಿನಲ್ಲಿ ಬಿಚ್ಚಿ ಅಗಲಿಸುವಷ್ಟು ಅಂಚನ್ನೇ ಬಿಟ್ಟಿರುವುದಿಲ್ಲ. ಸಿಂಪಿಗನ ಕೈಗೆ ಕೆಲಸ ಸಿಗುವುದಾದರೂ ಹೇಗೆ? ಅಂಥ ಮಾಲನ್ನು ಸಗಟು ವ್ಯಾಪಾರಿಗೆ ತಿರುಗಿ ಕಳಿಸುವ ಧೈರ್ಯವನ್ನು ಅಂಗಡಿಕಾರರು ಕೂಡಿ ತೋರಿಸಬೇಕು. ಕೆಲಸಗಾರರ ಸಂಘಗಳು ವಸತಿಗೆ ಎರಡು ಹೊಲಿಗೆ ಯಂತ್ರ ತಂದಿಟ್ಟು, ಹೆಣ್ಣುಮಕ್ಕಳ ಸಹಕಾರ ಸಂಘದ ಕೈಗೆ ಒಪ್ಪಿಸಲಿ. ಕೌದಿಯ ದರವನ್ನು ತುಂಡಿನ ಲೆಕ್ಕದಲ್ಲಲ್ಲ, ಹೊಲಿದ ದಿನಗಳ ಲೆಕ್ಕದಲ್ಲಿ ಆ ಸಂಘವೇ ಗೊತ್ತುಮಾಡಲಿ.