ಹೆಡ್‌ಮಾಸ್ತರರಿಗೂ ಸೂತಕವಿದೆ

2005ರ ಜುಲೈ 26, ಮಂಗಳವಾರ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. ರೈಲು ನಿಂತವು, ಫೋನು ಸತ್ತವು, ಉಪನಗರದ ಎಷ್ಟೋ ಮಕ್ಕಳು ಶಾಲೆಯಲ್ಲೇ ರಾತ್ರಿ ಕಳೆದರು. ಅಂಧೇರಿ ಪೂರ್ವದ ಮಗ್ಗುಲಿನ ಸಾಕಿನಾಕಾದಲ್ಲಿ ಗುಡ್ಡ ಜರಿದು 70ಕ್ಕೂ ಹೆಚ್ಚು ಜನ ಸತ್ತರು. ಅಂಥ ಕೇರಿಯ ಶಾಲೆ ಮತ್ತೆ ಬಾಗಿಲು ತೆರೆಯುವ ಬೆಳಿಗ್ಗೆ ಯಾವ ಮಗು ಬಂದಿಲ್ಲ, ಯಾವ ಮಗು ಇನ್ನು ಬರುವುದೇ ಇಲ್ಲ ಎಂದು ಮೊದಲು ಲೆಕ್ಕ ಹಾಕಬೇಕಾದವರು ಹೆಡ್‌ಮಾಸ್ತರರು. ಪ್ರಾರ್ಥನೆಯ ಹೊತ್ತಿಗೆ ಮಕ್ಕಳೆದುರು ಅದನ್ನು ಹೇಳಬೇಕಾದವರೂ ಅವರೇ.

ಮಹಾನಗರದಲ್ಲಿ ದುರಂತಕ್ಕೆ ಬರವಿಲ್ಲ. 2006ರ ಜುಲೈ 11ರಂದು ಪಶ್ಚಿಮ ರೈಲ್ವೆಯ ಲೋಕಲ್ ರೈಲುಗಳಲ್ಲಿ ಏಳು ಸ್ಫೋಟ; 2018ರ ಡಿಸೆಂಬರ್‌ನಲ್ಲಿ ಮರೋಳದ ಇಎಸ್‌ಐಸಿ ಆಸ್ಪತ್ರೆಯಲ್ಲಿ ಬೆಂಕಿ. ಪ್ರತಿ ಸಲವೂ ಮಕ್ಕಳಿಗೆ ಆಪ್ತ ಸಮಾಲೋಚನೆ ಬೇಕೆಂಬ ಮಾತು ಏಳುತ್ತದೆ, ಏಳಬೇಕು ಕೂಡ. ಶಾಲೆಯ ಮುಖ್ಯಸ್ಥರ ವಿಷಯ ಬಂದಾಗ ಮಾತ್ರ ನಾವು ಅವರನ್ನು ಕಾಣುವುದು ಎರಡೇ ವೇಷದಲ್ಲಿ: ಒಂದೋ ಗುಮಾಸ್ತ, ಇಲ್ಲವೇ ಆರೋಪಿ. ದುಃಖಿತರ ಸಾಲಿನಲ್ಲಿ ಅವರಿಗೆ ಜಾಗವಿಲ್ಲ.

ಗುಮಾಸ್ತಿಕೆಯನ್ನೇ ನೋಡಿ. ಮಹಾರಾಷ್ಟ್ರದಲ್ಲಿ ರಾಜೀವ್ ಗಾಂಧಿ ವಿದ್ಯಾರ್ಥಿ ಅಪಘಾತ ಸಾನುಗ್ರಹ ಅನುದಾನ ಯೋಜನೆ ಇದೆ. ಅಪಘಾತದಲ್ಲಿ ವಿದ್ಯಾರ್ಥಿ ಸತ್ತರೆ ಕುಟುಂಬಕ್ಕೆ 1.5 ಲಕ್ಷ ರೂಪಾಯಿ ಸಿಗುತ್ತದೆ. ಒಳ್ಳೆಯ ಯೋಜನೆ, ತಕರಾರಿಲ್ಲ. ಆದರೆ ಅರ್ಜಿ ಹೋಗಬೇಕಾದ್ದು ಶಾಲೆಯ ಮೂಲಕ. ಎಫ್‌ಐಆರ್ ಪ್ರತಿ, ಪಂಚನಾಮೆ, ಮರಣ ಪ್ರಮಾಣಪತ್ರ ಎಲ್ಲ ಕೂಡಬೇಕು. ಹನ್ನೊಂದನೆಯ ದಿನವೂ ಕಳೆಯದ ಮನೆಗೆ ಹೋಗಿ, ಮಗಳ ಪೋಸ್ಟ್‌ಮಾರ್ಟಂ ವರದಿಯ ಜೆರಾಕ್ಸ್ ಕೊಡಿ ಎಂದು ತಾಯಿಯನ್ನು ಕೇಳುವ ಬಾಯಿ ಹೆಡ್‌ಮಾಸ್ತರರದು. ವಾಪಸು ಬಂದು ಜನರಲ್ ರಿಜಿಸ್ಟರ್ ತೆಗೆದು, ‘ಶಾಲೆ ಬಿಟ್ಟ ಕಾರಣ’ ಎಂಬ ಕಾಲಂ ತುಂಬಬೇಕು. ಜೂನ್‌ನಲ್ಲಿ ಆ ಮಗುವನ್ನು ದಾಖಲು ಮಾಡಿಕೊಂಡ ಕೈಯೇ ಈಗ ಅದರ ಹೆಸರಿನ ಮುಂದೆ ‘ಮೃತ’ ಎಂದು ಬರೆಯುತ್ತದೆ.

ಆರೋಪಿಯ ವೇಷ ಇನ್ನೂ ಬೇಗ ಸಿಗುತ್ತದೆ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಲ್ಲಿ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಹುಡುಗಿಯರು ಮುಳುಗಿದರು. ಪ್ರಾಂಶುಪಾಲರು ಅಮಾನತಾದರು, ಪ್ರವಾಸಕ್ಕೆ ಹೋಗಿದ್ದ ಶಿಕ್ಷಕರ ಬಂಧನವಾಯಿತು. ಹೊಣೆ ಗೊತ್ತುಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಸತ್ತದ್ದು ಪರರನ್ನು ನಂಬಿ ಮನೆ ಬಿಟ್ಟು ಬಂದ ಮಕ್ಕಳು. ಆದರೆ ತಪ್ಪಿತಸ್ಥರೇ ಆಗಿದ್ದರೂ ಆ ಮನುಷ್ಯರ ಎದೆ ಒಡೆದಿರುವುದಿಲ್ಲವೇ? ತನಿಖೆ ಮತ್ತು ಆರೈಕೆ ಒಂದರ ಪಕ್ಕ ಒಂದು ನಡೆಯಬಾರದೆಂದು ಯಾವ ಕಾನೂನೂ ಹೇಳಿಲ್ಲ. ಆರೈಕೆ ಮರೆತರೆ ಏನಾಗಬಹುದು ನೋಡಿ. ದಕ್ಷಿಣ ಕೊರಿಯದ ಸೆವೊಲ್ ಹಡಗು 2014ರ ಏಪ್ರಿಲ್ 16ರಂದು ಮುಳುಗಿ 304 ಜನ ಸತ್ತರು. ಅವರಲ್ಲಿ 250 ಮಂದಿ ದಾನ್‌ವೊನ್ ಹೈಸ್ಕೂಲಿನ ಮಕ್ಕಳು. ಪ್ರವಾಸದ ಮುಂದಾಳಾಗಿದ್ದ ಉಪಪ್ರಾಂಶುಪಾಲರು ಬದುಕಿ ದಡ ಸೇರಿದ್ದರು. ಎರಡೇ ದಿನದಲ್ಲಿ ಅವರು ತಮ್ಮ ಜೀವ ತಾವೇ ತೆಗೆದುಕೊಂಡರು. ರಕ್ಷಣೆ ಕಡಲ ದಡಕ್ಕೇ ಮುಗಿದಿತ್ತು.

ಮುಖ್ಯಸ್ಥರಿಗೂ ಆರೈಕೆ ಬೇಕೆಂಬ ಪಾಠವನ್ನು ಅಮೆರಿಕದಲ್ಲಿ ಕಲಿತವರು ಸ್ವತಃ ಪ್ರಾಂಶುಪಾಲರೇ. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದಾಗ ಮುಖ್ಯಸ್ಥರಾಗಿದ್ದ ಫ್ರಾಂಕ್ ಡಿಏಂಜೆಲಿಸ್ 2014ರವರೆಗೆ ಅಲ್ಲೇ ಉಳಿದರು. 2019ರಲ್ಲಿ ಆ ದೇಶದ ಪ್ರಾಂಶುಪಾಲರ ಸಂಘ, ಇಂಥ ದಾಳಿ ಕಂಡ ಶಾಲೆಗಳ ಮುಖ್ಯಸ್ಥರದೇ ಒಂದು ಬಳಗ ಕಟ್ಟಿತು. ಹೊಸದಾಗಿ ಏಟು ತಿಂದ ಶಾಲೆಗೆ ಹಳೆಯ ಏಟು ತಿಂದವರು ಫೋನು ಮಾಡುತ್ತಾರೆ. ಬಂದೂಕಿನ ಆ ದೇಶದ ರೋಗ ನಮಗೆ ಬೇಡ, ಈ ಮದ್ದು ಬೇಕು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಿಗುತ್ತದೆ, ಕನ್ನಡದಲ್ಲೂ. ಆದರೆ ಇಡೀ ಶಾಲೆಗೆ ಧೈರ್ಯ ಹೇಳುತ್ತಿರುವ ಮುಖ್ಯೋಪಾಧ್ಯಾಯಿನಿ ತಾನಾಗಿ ಆ ನಂಬರು ಒತ್ತುತ್ತಾರೆಯೇ? ನನಗೆ ಅನುಮಾನ. ಊರಲ್ಲಿ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಊಟ ಹೊರಗಿನಿಂದ ಬರುತ್ತದೆ, ಯಾರೂ ಕೇಳುವವರೆಗೆ ಕಾಯುವುದಿಲ್ಲ. ಶಾಲೆಗೂ ಅದೇ ಆಗಬೇಕು. ಎರಡು ವಾರ ಪಕ್ಕದ ಶಾಲೆಯ ಅನುಭವಿ ಮುಖ್ಯಸ್ಥರೊಬ್ಬರು ಬಂದು ಕೂರಲಿ. ಪತ್ರಕರ್ತರಿಗೆ ಉತ್ತರ, ಪೊಲೀಸ್ ಠಾಣೆಯ ಓಡಾಟ, ಅನುದಾನದ ಕಾಗದಪತ್ರ ಇಲಾಖೆಯ ಒಬ್ಬ ಅಧಿಕಾರಿಯ ಪಾಲಾಗಲಿ. ಸಮಾಲೋಚಕರು ಮಕ್ಕಳ ನಂತರ ಹೆಡ್‌ಮಾಸ್ತರರ ಕೋಣೆಗೂ ಹೋಗಲಿ, ಮುಂದಿನ ವರ್ಷ ಅದೇ ತಾರೀಖಿಗೆ ಮತ್ತೊಮ್ಮೆ ಬರಲಿ.

ಅಂಧೇರಿಯಲ್ಲಿ ಇದನ್ನು ಶುರುಮಾಡಲು ಸರ್ಕಾರದ ದಾರಿಯನ್ನೇ ಕಾಯಬೇಕಿಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಾಲೆ ವೀರಾ ದೇಸಾಯಿ ರಸ್ತೆಯಲ್ಲಿದೆ. ಮುಂಬಯಿಯ ಕನ್ನಡ ಸಂಸ್ಥೆಗಳಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರಿಗೆ ಕೊರತೆಯಿಲ್ಲ. ಪಾಲಿಕೆಯ ಕೆ-ಪೂರ್ವ, ಕೆ-ಪಶ್ಚಿಮ ವಾರ್ಡುಗಳು ಮೇ ತಿಂಗಳಲ್ಲಿ ನಾಲೆಗಳ ಹೂಳೆತ್ತುವ ಹೊತ್ತಿಗೇ, ಕರೆದರೆ ಬಂದು ಕೂರಬಲ್ಲ ಹತ್ತು ಮಂದಿ ಮುಖ್ಯಸ್ಥರ ಹೆಸರು, ಫೋನು ನಂಬರು ಬರೆದಿಟ್ಟುಕೊಳ್ಳಬಹುದು. ಅದಕ್ಕೆ ಟೆಂಡರ್ ಕೂಡ ಕರೆಯಬೇಕಿಲ್ಲ.