ಡೈನೋಸಾರ್ ಮೇಷ್ಟ್ರು ದನದ ಡಾಕ್ಟರ ಕಾಲೇಜಿನಲ್ಲಿ

ಮೊನ್ನೆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವ ಮೊದಲೇ ಅಪ್ಪ ಮಗಳು ಬಾಗಿಲಲ್ಲಿ ನಿಂತಿದ್ದರು. ಅಪ್ಪ ಪಕ್ಕದ ಹಳ್ಳಿಯ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಮಗಳು ಮೂರು ವರ್ಷ ನನ್ನಲ್ಲಿ ವಿಜ್ಞಾನ ಕಲಿತವಳು, ಈಗ ಪಿ.ಯು.ಸಿ. ಮುಗಿಸಿದ್ದಾಳೆ. ಪಶುವೈದ್ಯಕೀಯ ಸೀಟು ಸಿಗುವಷ್ಟು ಒಳ್ಳೆಯ ರ್‍ಯಾಂಕ್ ಬಂದಿದೆ. ಆದರೆ ಹುಡುಗಿಗೆ ಭೂವಿಜ್ಞಾನ ಓದಿ ಪಳೆಯುಳಿಕೆಗಳ ಬೆನ್ನು ಹತ್ತುವ ಹಂಬಲ.

“ಕಲ್ಲು ಒಡೀತಾ ಕೂತ್ರೆ ಹೊಟ್ಟೆ ತುಂಬುತ್ತಾ ಸಾರ್? ದನದ ಡಾಕ್ಟರಾದ್ರೆ ಊರಿಗೂ ಉಪಕಾರ. ನೀವೇ ಬುದ್ಧಿ ಹೇಳಿ” ಎಂದರು ಅಪ್ಪ.

“ಯಾವಾಗ್ಲೋ ಸತ್ತು ಕಲ್ಲಾದ ಪ್ರಾಣಿಗೂ ನಮ್ಮ ಡೇರಿ ಹಸುವಿಗೂ ಏನು ಸಂಬಂಧ ಸಾರ್?” ಎಂದಳು ಮಗಳು. ಅವಳ ಕಣ್ಣಲ್ಲಿ ನೀರಿತ್ತು.

ಸಂಬಂಧ ಇದೆ. ಅಂದು ಅವರಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ.

ಪೀಟರ್ ಡಾಡ್ಸನ್ 1946ರಲ್ಲಿ ಹುಟ್ಟಿದವರು. ಕೆನಡಾದಲ್ಲಿ ಭೂವಿಜ್ಞಾನ ಓದಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. ಅವರ ಆಸಕ್ತಿಯೆಲ್ಲ ಡೈನೋಸಾರ್‌ಗಳ ಮೇಲೆ. 1974ರಲ್ಲಿ ಅವರಿಗೆ ಕೆಲಸ ಸಿಕ್ಕಿದ್ದು ಮಾತ್ರ ವಸ್ತು ಸಂಗ್ರಹಾಲಯದಲ್ಲಲ್ಲ, ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಶಾಲೆಯಲ್ಲಿ! ನಾಯಿ, ಕುದುರೆ, ಹಸುಗಳ ಅಂಗರಚನೆಯನ್ನು ಪಶುವೈದ್ಯ ವಿದ್ಯಾರ್ಥಿಗಳಿಗೆ ಕಲಿಸುವ ಕೆಲಸ. ಅದನ್ನು ಅವರು ದಶಕಗಳ ಕಾಲ ಮಾಡಿದರು.

ಪಳೆಯುಳಿಕೆ ತಜ್ಞರಿಗೆ ಪಶುವೈದ್ಯ ಶಾಲೆಯಲ್ಲೇನು ಕೆಲಸ ಎಂದು ಕೇಳುತ್ತೀರಾ? ಹಾಗಾದರೆ ನಿಮ್ಮ ಮನೆಯ ಹಸುವನ್ನೇ ಒಮ್ಮೆ ನೋಡಿ. ಅದರ ಹಿಂಗಾಲಿನ ಮಂಡಿ ನಮ್ಮ ಮಂಡಿಗೆ ವಿರುದ್ಧವಾಗಿ, ಹಿಂದಕ್ಕೆ ಚಾಚಿದಂತೆ ಕಾಣುತ್ತದೆ. ಅದು ಮಂಡಿಯೇ ಅಲ್ಲ, ಹಿಮ್ಮಡಿ! ನಿಜವಾದ ಮಂಡಿ ಮೇಲೆ, ಹೊಟ್ಟೆಯ ಪಕ್ಕದಲ್ಲಿದೆ. ಹಸು ಎರಡು ಬೆರಳುಗಳ ತುದಿಯ ಮೇಲೆ ನಿಂತರೆ ಕುದುರೆ ಒಂದೇ ಬೆರಳಿನ ಮೇಲೆ ನಿಲ್ಲುತ್ತದೆ. ಅಂಗಳದ ಕೋಳಿಯೂ ಹಿಮ್ಮಡಿ ಎತ್ತಿ ಬೆರಳ ಮೇಲೆ ನಡೆಯುತ್ತದೆ. ಟಿರಾನೊಸಾರಸ್ ನಡೆದದ್ದೂ ಹೀಗೆಯೇ. ಮೂಳೆಗಳ ಈ ವ್ಯಾಕರಣ ಬಲ್ಲವರಿಗೆ ಕಲ್ಲಾದ ಕಾಲೂ ಒಂದೇ, ಕುಂಟುವ ಕಾಲೂ ಒಂದೇ. ಅಮೆರಿಕದ ಹೆಡ್ರೊಸಾರಸ್ ಡೈನೋಸಾರನ್ನು 1858ರಲ್ಲಿ ಮೊದಲು ವರ್ಣಿಸಿದ ಜೋಸೆಫ್ ಲೈಡಿ ಕೂಡ ಇದೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು.

ಡಾಡ್ಸನ್ 1975ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ನನಗೆ ಬಹಳ ಮೆಚ್ಚುಗೆ. ಕೆನಡಾದಲ್ಲಿ ಬಾತುಕೋಳಿಯಂಥ ಮೂತಿಯ, ತಲೆಯ ಮೇಲೆ ಮೂಳೆಯ ಜುಟ್ಟು ಇದ್ದ ಡೈನೋಸಾರ್‌ಗಳು ಸಿಕ್ಕಿದ್ದವು. ಒಂದರ ಜುಟ್ಟು ದೊಡ್ಡದು, ಇನ್ನೊಂದರದು ಸಣ್ಣದು, ಮತ್ತೊಂದಕ್ಕೆ ಇದ್ದೂ ಇಲ್ಲದಂತೆ. ಹಿಂದಿನ ವಿಜ್ಞಾನಿಗಳು ಒಂದೊಂದಕ್ಕೆ ಒಂದೊಂದು ಹೆಸರಿಟ್ಟು, ಒಟ್ಟು 12 ಪ್ರಭೇದಗಳನ್ನು ಮಾಡಿದ್ದರು. ಡಾಡ್ಸನ್ ತಲೆಬುರುಡೆಗಳನ್ನೆಲ್ಲ ಅಳೆದರು. ಬೆಳೆಯುವಾಗ ದೇಹದ ಯಾವ ಭಾಗ ಎಷ್ಟು ವೇಗದಲ್ಲಿ ಬೆಳೆಯುತ್ತದೆ ಎಂದು ಲೆಕ್ಕ ಹಾಕಿದರು. ಜೀವಂತ ಪ್ರಾಣಿಗಳಲ್ಲಿ ಇದು ಹೇಗಾಗುತ್ತದೆಂದು ತಿಳಿಯಲು ಅಮೆರಿಕದ ಮೊಸಳೆಗಳಾದ ಅಲಿಗೇಟರ್‌ಗಳನ್ನೂ ಅಳೆದಿದ್ದರು. ಕೊನೆಗೆ ಅವರಿಗೆ ಕಂಡದ್ದು 12 ಅಲ್ಲ, 3 ಪ್ರಭೇದ ಮಾತ್ರ. ಉಳಿದವು ಅವುಗಳದೇ ಮರಿಗಳು, ಹೆಣ್ಣುಗಳು, ಗಂಡುಗಳು! ಹುಂಜದ ಜುಟ್ಟು, ಹೇಂಟೆಯ ಜುಟ್ಟು, ಮರಿಯ ಬೋಳುತಲೆ ನೋಡಿ ಮೂರು ಜಾತಿ ಎಂದು ಬರೆದಂತಾಗಿತ್ತು ಹಳೆಯ ಪಟ್ಟಿ. ಮುಂದಿನ ಸಂಶೋಧಕರು ಪ್ರಭೇದಗಳ ಲೆಕ್ಕವನ್ನು ಸ್ವಲ್ಪ ತಿದ್ದಿದ್ದಾರೆ. ಆದರೆ ಆ ಸಣ್ಣ ಜುಟ್ಟಿನವು ಮರಿಗಳು ಎಂಬ ಮಾತು ನಿಂತಿದೆ.

ಪಶುವೈದ್ಯ ಶಾಲೆಯಲ್ಲಿ ಪಾಠ ಹೇಳುತ್ತಲೇ ಡಾಡ್ಸನ್ 1986ರಲ್ಲಿ ಅವಾಸೆರಟಾಪ್ಸ್ ಎಂಬ ಕೊಂಬಿನ ಡೈನೋಸಾರನ್ನು ಲೋಕಕ್ಕೆ ಪರಿಚಯಿಸಿದರು. ಹಳೆಯ ಆಸೆಯನ್ನು ಅವರು ಬಿಟ್ಟುಕೊಡಬೇಕಾಗಲಿಲ್ಲ.

ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನ ಜಾನ್ ಹಚಿನ್ಸನ್ ಅವರದೂ ಇಂಥದೇ ಕಥೆ. 2002ರಲ್ಲಿ ಅವರು ಮತ್ತು ಅವರ ಸಹೋದ್ಯೋಗಿ, ಕೋಳಿ ಮತ್ತು ಅಲಿಗೇಟರ್‌ಗಳ ಮೇಲೆ ಲೆಕ್ಕ ಸರಿನೋಡಿಕೊಂಡು, ಟಿರಾನೊಸಾರಸ್ ವೇಗವಾಗಿ ಓಡಬಲ್ಲಷ್ಟು ಸ್ನಾಯು ಅದರ ಕಾಲಲ್ಲಿ ಹಿಡಿಸುವುದೇ ಇಲ್ಲವೆಂದು ತೋರಿಸಿದರು. ಸಿನಿಮಾದಲ್ಲಿ ಜೀಪು ಅಟ್ಟಿಸಿಕೊಂಡು ಬರುವುದೆಲ್ಲ ಸಿನಿಮಾಕ್ಕೇ ಸರಿ! ಭಾರಿ ದೇಹವನ್ನು ಕಾಲು ಹೇಗೆ ಹೊರುತ್ತದೆ ಎಂಬ ಅದೇ ಪ್ರಶ್ನೆ ಅವರನ್ನು ಆನೆಗಳ ಬಳಿಗೆ ಒಯ್ದಿತು. ಆನೆಯ ಪಾದದ ಮೆತ್ತೆಯೊಳಗೆ ‘ಆರನೆಯ ಬೆರಳಿ’ನಂತಿರುವ ಒಂದು ಮೂಳೆ ಭಾರ ಹೊರಲು ನೆರವಾಗುತ್ತದೆಂದು ಅವರ ತಂಡ 2011ರಲ್ಲಿ ವಿವರಿಸಿತು. ಸಾಕಾನೆಗಳಿಗೆ ಪಾದದ ರೋಗ ಪ್ರಾಣಕ್ಕೇ ಕುತ್ತು. ಪಾದದ ರಚನೆ ತಿಳಿಯದೆ ಅದಕ್ಕೆ ಚಿಕಿತ್ಸೆ ಮಾಡುವುದು ಹೇಗೆ?

ಇಷ್ಟು ಕೇಳಿದ ಅಪ್ಪ, “ಪಾಠ ಹೇಳೋದು ಬೇರೆ, ಸಂಶೋಧನೆ ಬೇರೆ ಅಲ್ವಾ ಸಾರ್?” ಎಂದರು.

ಪಾಠ ಹೇಳುವುದೇ ಸಂಶೋಧನೆಯ ವಿಷಯವಾಗುವುದೂ ಉಂಟು. ಹಸು ಗಬ್ಬವಾಗಿದೆಯೇ ಎಂದು ನೋಡಲು ಡಾಕ್ಟರು ಉದ್ದನೆಯ ಕೈಚೀಲ ಹಾಕಿ ಒಳಗೆ ಕೈಯಿಡುವುದನ್ನು ಡೇರಿಯವರಿಗೆ ಹೇಳಿಕೊಡಬೇಕಿಲ್ಲ. ಇದನ್ನು ಕಲಿಸುವುದು ಕಷ್ಟ, ಏಕೆಂದರೆ ವಿದ್ಯಾರ್ಥಿಯ ಬೆರಳು ಒಳಗೆ ಏನನ್ನು ಮುಟ್ಟುತ್ತಿದೆಯೆಂದು ಗುರುವಿಗೆ ಕಾಣಿಸದು. ಬ್ರಿಟನ್ನಿನ ಪಶುವೈದ್ಯೆ ಸಾರಾ ಬೇಲಿ ಇದಕ್ಕೆ ಉಪಾಯ ಹುಡುಕಿದರು. ಕಂಪ್ಯೂಟರ್ ವಿದ್ಯೆ ಕಲಿತು, ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಒಂದು ಕೃತಕ ಹಸುವನ್ನೇ ಸಿದ್ಧಪಡಿಸಿದರು. ಅದರೊಳಗಿನ ಯಂತ್ರ ಗರ್ಭಕೋಶವನ್ನು ಮುಟ್ಟಿದ ಅನುಭವವನ್ನೇ ಬೆರಳಿಗೆ ಕೊಡುತ್ತದೆ, ಗುರು ಪರದೆಯ ಮೇಲೆ ಎಲ್ಲವನ್ನೂ ನೋಡುತ್ತಾರೆ. ಅದರಲ್ಲಿ ಅಭ್ಯಾಸ ಮಾಡಿದವರನ್ನೂ ಮಾಡದವರನ್ನೂ ನಿಜವಾದ ಹಸುಗಳ ಬಳಿ ಪರೀಕ್ಷಿಸಿದಾಗ ಅಭ್ಯಾಸ ಮಾಡಿದವರೇ ಮೇಲಾದರು. ಅವರು ಮುಂದೆ ಪಶುವೈದ್ಯ ಶಿಕ್ಷಣದ ಪ್ರಾಧ್ಯಾಪಕಿಯೇ ಆದರು.

ಈಗ ನನ್ನದೊಂದು ತಪ್ಪೊಪ್ಪಿಗೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಜೇಬಿನ ತುಂಬ ಕಲ್ಲು, ಮೂಳೆ ತುಂಬಿಕೊಂಡು ಬರುವ ಹುಡುಗನೊಬ್ಬನಿದ್ದ. “ಇದನ್ನೆಲ್ಲ ಹೊರಗೆ ಬಿಸಾಡಿ ಲೆಕ್ಕ ಮಾಡು” ಎಂದು ಗದರಿದ್ದೆ. ಅವನು ಬಿಸಾಡಿದ, ಮತ್ತೆಂದೂ ತರಲಿಲ್ಲ. ಅವನ ಮುಖ ನನಗೆ ಇಂದಿಗೂ ನೆನಪಿದೆ. ಮರಿಯ ತಲೆ ನೋಡಿ ಜಾತಿ ನಿರ್ಧರಿಸಿದವರ ತಪ್ಪನ್ನೇ ನಾನೂ ಮಾಡಿದ್ದೆ.

ಹಾಗೆಂದು ಸುಳ್ಳು ಆಸೆ ಹುಟ್ಟಿಸಲಾರೆ. ಬಿ.ವಿ.ಎಸ್‌ಸಿ. ಎಂದರೆ ತರಬೇತಿ ಸೇರಿ ಐದೂವರೆ ವರ್ಷ, ಸಗಣಿ ರಕ್ತಗಳ ನಡುವಿನ ದುಡಿಮೆ. ಅದನ್ನು ಓದಿದವರೆಲ್ಲ ಡೈನೋಸಾರ್ ತಜ್ಞರಾಗುವುದಿಲ್ಲ. ಪಳೆಯುಳಿಕೆಯ ದಾರಿ ಭೂವಿಜ್ಞಾನ ಅಥವಾ ಪ್ರಾಣಿಶಾಸ್ತ್ರದ ಮೂಲಕ ಹೋಗುತ್ತದೆ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯಂಥ ನೆಲೆಗಳು ನಮ್ಮ ದೇಶದಲ್ಲಿ ಇವೆ, ಆದರೆ ಹುದ್ದೆಗಳು ಕಡಿಮೆ. ಇದನ್ನೂ ಆ ಹುಡುಗಿಗೆ ಮುಚ್ಚಿಡದೆ ಹೇಳಿದೆ.

ಪೋಷಕರಿಗೆ ನನ್ನ ವಿನಂತಿ ಇಷ್ಟೆ: ಸೀಟು ಯಾವುದೇ ಇರಲಿ, ಮಗುವಿನ ಪ್ರಶ್ನೆಯನ್ನು ಬಿಸಾಡಿಸಬೇಡಿ. ಮಕ್ಕಳೇ, ನಿಮಗೂ ಒಂದು ಮಾತು: ಬಯಸಿದ ಬಾಗಿಲು ತೆರೆಯದಿದ್ದರೆ ಪಕ್ಕದ ಬಾಗಿಲನ್ನು ತಿರಸ್ಕರಿಸಬೇಡಿ. ಒಳಗೆ ಹೋಗುವಾಗ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ.

ಕೌನ್ಸೆಲಿಂಗ್‌ಗೆ ಇನ್ನೂ ದಿನಗಳಿವೆ. ಅವಳು ಏನನ್ನು ಆರಿಸಿಕೊಳ್ಳುತ್ತಾಳೋ ನಾನು ಕೇಳಲಿಲ್ಲ. ಹೊರಡುವಾಗ ಅಪ್ಪನೇ ಮಗಳನ್ನು ಕೇಳುತ್ತಿದ್ದರು: “ಅಲ್ಲಮ್ಮ, ಹಂಗಾದ್ರೆ ನಮ್ಮ ಗೌರಿಯ ಮಂಡಿ ಎಲ್ಲಿದೆ? ಮನೆಗೆ ಹೋದ್ಮೇಲೆ ತೋರಿಸು.”